ಕಾಲುವೆಯ ಏರಿ, ಸೈಕಲ್ಲಿನ ದಾರಿ

ಬಳ್ಳಾರಿ ಕೋಟೆಯ ಬಗ್ಗೆ ಊರಿನ ಹಿರಿಯರು ಹೇಳುವ ಕಥೆಯೊಂದಿದೆ. ಹನುಮಪ್ಪ ನಾಯಕ ಕಟ್ಟಿಸಿದ ಗುಡ್ಡದ ಮೇಲಿನ ಕೋಟೆ 1769ರ ಸುಮಾರಿಗೆ ಹೈದರಾಲಿಯ ಕೈಸೇರಿತು. ಆತ ಫ್ರೆಂಚ್ ಎಂಜಿನಿಯರನೊಬ್ಬನನ್ನು ಕರೆಸಿ ಕೋಟೆಯನ್ನು ಬಲಪಡಿಸಿದ, ಕೆಳಕೋಟೆಯನ್ನೂ ಕಟ್ಟಿಸಿದ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆ! ಶತ್ರು ಅಲ್ಲಿ ಫಿರಂಗಿ ಹೂಡಿದರೆ ಕೋಟೆಯ ಗತಿ ಏನು? ಸಿಟ್ಟಿಗೆದ್ದ ಹೈದರಾಲಿ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಕೋಟೆಯ ಬಳಿ ಇರುವ ಗೋರಿಯೊಂದನ್ನು ಅವನದೇ ಎಂದು ತೋರಿಸುವವರೂ ಇದ್ದಾರೆ. ಕಥೆ ಎಷ್ಟು ನಿಜವೋ, ಮಟ್ಟ ಅಳೆಯುವುದರಲ್ಲಿ ತಪ್ಪಿದರೆ ಎಂಥ ಬೆಲೆ ತೆರಬೇಕಾದೀತು ಎಂಬುದಕ್ಕೆ ಒಳ್ಳೆಯ ಉದಾಹರಣೆಯಂತೂ ಹೌದು.

ಈ ಸೀಮೆಯಲ್ಲಿ ಮಟ್ಟವನ್ನು ತಪ್ಪದೆ ಅಳೆದ ಎಂಜಿನಿಯರುಗಳು ಬಂದದ್ದು ಸುಮಾರು ನೂರೆಂಬತ್ತು ವರ್ಷಗಳ ನಂತರ. ಅವರು ಕಟ್ಟಿದ್ದು ಕೋಟೆಯನ್ನಲ್ಲ, ಕಾಲುವೆಗಳನ್ನು. ಆ ಕಾಲುವೆಗಳ ಪಕ್ಕದಲ್ಲಿ, ಯಾರೂ ಹೆಚ್ಚಾಗಿ ಗಮನಿಸದ, ಲಾರಿ ಬಸ್ಸುಗಳ ಗದ್ದಲವಿಲ್ಲದ ಮಣ್ಣಿನ ದಾರಿಗಳಿವೆ. ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪಗಳ ಕಡೆಗೆ ಸೈಕಲ್ಲಿನಲ್ಲಿ ಹೋಗಬೇಕೆನ್ನುವವರಿಗೆ, ಅದರಲ್ಲೂ ಮಕ್ಕಳನ್ನು ಜೊತೆಗೆ ಕರೆದೊಯ್ಯುವ ಪಾಲಕರಿಗೆ, ತಿಳಿದಿರಬೇಕಾದ ದಾರಿಗಳು ಇವು.

ಆ ಫ್ರೆಂಚ್ ಎಂಜಿನಿಯರನ ನಾಡಿನಲ್ಲಿ ಇಂಥ ದಾರಿಗಳಿಗೆ ಬಹಳ ಬೆಲೆಯಿದೆ. ದಕ್ಷಿಣ ಫ್ರಾನ್ಸಿನಲ್ಲಿ ಪಿಯೆರ್ ಪಾಲ್ ರಿಕೆ ಎಂಬಾತ 1666ರಲ್ಲಿ ಆರಂಭಿಸಿ, 1681ರಲ್ಲಿ ಪೂರ್ಣಗೊಂಡ ಮಿದಿ ಕಾಲುವೆ ಸುಮಾರು 240 ಕಿ.ಮೀ. ಉದ್ದವಿದೆ. ಅದು ದೋಣಿ ಸಂಚಾರಕ್ಕೆಂದು ತೋಡಿದ್ದು. ದಡದ ಮೇಲೆ ನಡೆಯುತ್ತ ಕುದುರೆಗಳು ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. ಕುದುರೆಗಳ ಕಾಲ ಮುಗಿಯಿತು, ದಡದ ದಾರಿ ಸೈಕಲ್ ಸವಾರರ ಪಾಲಾಯಿತು. ರೈಲು ನಿಂತುಹೋದ ಹಳಿಗಳನ್ನೂ ಅಲ್ಲಿಯವರು ಬಿಡಲಿಲ್ಲ. 1997ರಲ್ಲಿ ಬರ್ಗಂಡಿ ಪ್ರಾಂತ್ಯದ ಜಿವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವಿನ ಹಳೆಯ ರೈಲು ಮಾರ್ಗವನ್ನು ಸಮಗೊಳಿಸಿ 'ಹಸಿರು ದಾರಿ' ಎಂದು ಹೆಸರಿಟ್ಟು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಆ ದೇಶದಲ್ಲಿ ಈ ಬಗೆಯ ದಾರಿಗಳಲ್ಲಿ ಅದೇ ಮೊದಲನೆಯದು. ಇವೆರಡೂ ಸಿಗದ ಕಡೆ ಅಲ್ಲಿನ ಸವಾರ ಭೂಪಟದಲ್ಲಿ ಕೆಂಪು ಗೆರೆಯ ಹೆದ್ದಾರಿಗಳನ್ನು ಬಿಟ್ಟು, ಹೊಲಗಳ ನಡುವೆ ಹೋಗುವ ಬಿಳಿ ಗೆರೆಯ ಸಣ್ಣ ರಸ್ತೆಗಳನ್ನು ಹುಡುಕುತ್ತಾನೆ.

ಬಳ್ಳಾರಿ ಜಿಲ್ಲೆಯಲ್ಲಿ ಕೆಂಪು ಗೆರೆ ಯಾವುದೆಂದು ಯಾರಿಗೂ ಹೇಳಬೇಕಾಗಿಲ್ಲ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯೇ ಸಿರುಗುಪ್ಪ, ತೆಕ್ಕಲಕೋಟೆಗಳನ್ನು ಬಳ್ಳಾರಿಗೆ ಜೋಡಿಸುವ ರಸ್ತೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಭತ್ತ ತುಂಬಿದ ಲಾರಿ, ಟ್ರಾಕ್ಟರು, ಬಸ್ಸು, ಕೂಲಿಯವರನ್ನು ಹೊತ್ತ ಆಟೊ ಎಲ್ಲಕ್ಕೂ ಅದೇ ದಾರಿ. ಎದುರಿಗೆ ಎರಡು ಲಾರಿಗಳು ಒಂದನ್ನೊಂದು ಹಿಂದಿಕ್ಕುತ್ತ ಬಂದಾಗ ಸೈಕಲ್ಲಿನವನು ರಸ್ತೆ ಬಿಟ್ಟು ಕೆಳಗಿಳಿಯಬೇಕು. ಹದಿಮೂರು ವರ್ಷದ ಮಗಳನ್ನು ಇಂಥ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಕಳಿಸುವುದಕ್ಕೆ ಯಾವ ತಾಯಿಗಾದರೂ ಮನಸ್ಸು ಹೇಗೆ ಬಂದೀತು?

ಇದು ಬರೀ ಪ್ರವಾಸದ ಮಾತಲ್ಲ ಎನ್ನುವುದು ಇದಕ್ಕೇ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಕೊರೊನಾ ಕಾಲದಲ್ಲಿ ವಿತರಣೆ ನಿಂತಿತು. ಅಷ್ಟರೊಳಗೆ ಹಳ್ಳಿಹಳ್ಳಿಗಳ ಮನೆಗಳಲ್ಲಿ ಆ ಸೈಕಲ್ಲುಗಳು ಸೇರಿಕೊಂಡಿದ್ದವು. ಸೈಕಲ್ ಕೊಟ್ಟದ್ದೇನೋ ಸರಿ, ಅದು ಓಡಾಡುವ ದಾರಿ? ಅನೇಕ ಮನೆಗಳಲ್ಲಿ ಸೈಕಲ್ಲು ಊರೊಳಗಿನ ಹಿಟ್ಟಿನ ಗಿರಣಿಯವರೆಗೆ ಮಾತ್ರ ಹೋಗಿ ಬರುತ್ತದೆ, ಶಾಲೆಗೆ ಮಗು ಆಟೊದಲ್ಲಿ ತೂಗಾಡಿಕೊಂಡು ಹೋಗುತ್ತದೆ. ಕಾರಣ ರಸ್ತೆಯ ಭಯ. ಕಾಲುವೆಯ ಏರಿ ಗೊತ್ತಿರುವ ಹಳ್ಳಿಗಳಲ್ಲಿ ಮಾತ್ರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಬೇರೆ ನೋಟ ಕಾಣುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ನೀಲಿ ಸಮವಸ್ತ್ರದ ನಾಲ್ಕೈದು ಮಕ್ಕಳು ಒಬ್ಬರ ಹಿಂದೆ ಒಬ್ಬರು ಗಂಟೆ ಬಾರಿಸಿಕೊಂಡು ಹೋಗುತ್ತಿರುತ್ತಾರೆ.

ಮಟ್ಟದ ಲೆಕ್ಕ

ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಬಳ್ಳಾರಿ ಸೀಮೆಯ ಬರ ನೀಗಿಸಬೇಕೆಂಬ ಯೋಚನೆ ಹಳೆಯದು. 1860ರಲ್ಲೇ ಸರ್ ಆರ್ಥರ್ ಕಾಟನ್ ಅದನ್ನು ಸೂಚಿಸಿದ್ದ. ಕೆಲಸ ಆರಂಭವಾದದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ಪ್ರಾಂತ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಹಳಬರಿಗೆ ನೀರು ಬಂದ ವರ್ಷ ಮತ್ತು ರಾಜ್ಯ ಬದಲಾದ ವರ್ಷ ಎರಡೂ ಒಂದೇ.

ಹೊಸಪೇಟೆಯ ಬಳಿಯ ಜಲಾಶಯದಿಂದ ಬಲದಂಡೆಯಲ್ಲಿ ಎರಡು ಮುಖ್ಯ ಕಾಲುವೆಗಳು ಈ ಕಡೆಗೆ ಬರುತ್ತವೆ. ಮೇಲ್ಮಟ್ಟದ ಕಾಲುವೆ ಬಳ್ಳಾರಿ ನಗರದ ಪಕ್ಕದಲ್ಲೇ ಹಾದು ಅನಂತಪುರದ ಕಡೆಗೆ ಹೋಗುತ್ತದೆ. ನಗರಕ್ಕೆ ಕುಡಿಯುವ ನೀರು ಕೊಡುವ ಅಲ್ಲೀಪುರ ಕೆರೆ ತುಂಬುವುದು ಅದರಿಂದಲೇ. ಕೆಳಮಟ್ಟದ ಕಾಲುವೆ ಕಂಪ್ಲಿ, ಕುರುಗೋಡು ಸೀಮೆಗಳನ್ನು ಹಾದು, ಮೋಕಾದ ಬಳಿ ವೇದಾವತಿ ನದಿಯನ್ನು ದಾಟಿ ಕರ್ನೂಲು ಜಿಲ್ಲೆಯತ್ತ ಸಾಗುತ್ತದೆ. ರೈತರ ಬಾಯಲ್ಲಿ ಇವಕ್ಕೆ ಎಚ್‌ಎಲ್‌ಸಿ, ಎಲ್‌ಎಲ್‌ಸಿ ಎಂದೇ ಹೆಸರು. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿಯೂ 'ಎಲ್‌ಎಲ್‌ಸಿಗೆ ನೀರು ಬಂತೇನು?' ಎಂದೇ ಕೇಳುತ್ತಾಳೆ.

ಕಾಲುವೆಯ ನೀರಿಗೆ ಪಂಪಿಲ್ಲ. ಭೂಮಿಯ ಗುರುತ್ವವೇ ಅದನ್ನು ನೂರಾರು ಕಿಲೊಮೀಟರು ಎಳೆದುಕೊಂಡು ಹೋಗಬೇಕು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಆ ಎತ್ತರವೇ ಕಾಲುವೆಯ ಬಂಡವಾಳ. ಮೊದಲ ಹತ್ತು ಮೈಲಿಯಲ್ಲೇ ಅದನ್ನೆಲ್ಲ ಖರ್ಚು ಮಾಡಿಬಿಟ್ಟರೆ ಮುಂದಿನ ಹೊಲಗಳು ಕಾಲುವೆಗಿಂತ ಮೇಲೆ ಉಳಿದುಬಿಡುತ್ತವೆ. ಆದ್ದರಿಂದ ಎಂಜಿನಿಯರನು ಜಿಪುಣನಂತೆ ಲೆಕ್ಕ ಹಾಕುತ್ತಾನೆ. ಇಂಥ ದೊಡ್ಡ ಕಾಲುವೆಗಳು ಒಂದು ಕಿಲೊಮೀಟರಿಗೆ ಸಾಮಾನ್ಯವಾಗಿ ಒಂದು ಗೇಣಿನಷ್ಟೋ ಅದಕ್ಕಿಂತ ಕಡಿಮೆಯೋ ಇಳಿಯುತ್ತವೆ. ಗುಡ್ಡ ಬಂದರೆ ಏರುವಂತಿಲ್ಲ, ಬಳಸಿ ಹೋಗಬೇಕು. ಹಳ್ಳ ಬಂದರೆ ಇಳಿಯುವಂತಿಲ್ಲ, ಸೇತುವೆ ಕಟ್ಟಿ ದಾಟಬೇಕು. ಭೂಪಟದಲ್ಲಿ ಕಾಲುವೆ ಹಾವಿನಂತೆ ಕಾಣುವುದು ಈ ಕಾರಣದಿಂದ.

ನೀರಿಗೆ ಒದಗಿದ ಈ ಸಮತಟ್ಟು ಪಕ್ಕದ ಏರಿಗೂ ಒದಗುತ್ತದೆ. ಗೇರಿಲ್ಲದ ಹಳೆಯ ಸೈಕಲ್ಲು ಇಪ್ಪತ್ತು ಕೆ.ಜಿ.ಯಷ್ಟು ತೂಗುತ್ತದೆ. ಸವಾರ ಐವತ್ತು ಕೆ.ಜಿ. ಎಂದಿಟ್ಟುಕೊಂಡರೆ, ಇಬ್ಬರೂ ಸೇರಿ ನೂರು ಮೀಟರ್ ಎತ್ತರ ಏರುವುದಕ್ಕೆ ಸುಮಾರು 68,600 ಜೌಲ್ ಕೆಲಸವಾಗಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ರಾಶಿ, ಗುರುತ್ವ, ಎತ್ತರಗಳನ್ನು ಗುಣಿಸಿ ನೋಡಬಹುದು. ಕಾಲುವೆಯ ಏರಿಯ ಮೇಲೆ ಹತ್ತು ಕಿಲೊಮೀಟರು ಹೋದರೂ ಏರಿಳಿತ ಒಬ್ಬ ಮನುಷ್ಯನ ಎತ್ತರವನ್ನು ಮೀರುವುದು ಅಪರೂಪ. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸದ ಪಿತಾಮಹನೆನಿಸಿದ ಪಾಲ್ ದ ವಿವಿ ತನ್ನ ಊರಿನ ಸುತ್ತಲ ಬೆಟ್ಟಗಳನ್ನು ಏರುವುದಕ್ಕಾಗಿಯೇ ಸೈಕಲ್ಲಿಗೆ ಹಲವು ಗೇರುಗಳು ಬೇಕೆಂದು ಜೀವಮಾನವೆಲ್ಲ ವಾದಿಸಿದ. ಇಲ್ಲಿ ಗೇರಿನ ಕೆಲಸವನ್ನು ಕಾಲುವೆ ತೋಡಿದವರೇ ಮಾಡಿಟ್ಟಿದ್ದಾರೆ. ಅಂದ ಹಾಗೆ, ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ಸವಾರರಿಗೆ ಬುದ್ಧಿ ಹೇಳುತ್ತಿದ್ದ ಆ ಮನುಷ್ಯ 1930ರಲ್ಲಿ ಸತ್ತದ್ದು ಬೆಟ್ಟದ ದಾರಿಯಲ್ಲಲ್ಲ, ಊರಿನ ಬೀದಿಯಲ್ಲಿ, ಟ್ರಾಮಿಗೆ ಸಿಕ್ಕಿ.

ಸಂಗನಕಲ್ಲಿನಿಂದ ಮೋಕಾಕ್ಕೆ

ಬಳ್ಳಾರಿ ನಗರವನ್ನು ಬಿಡುವುದೇ ಮೊದಲ ಕಷ್ಟ. ಬೆಳಿಗ್ಗೆ ಆರಕ್ಕೆ ಮುಂಚೆ ಹೊರಟರೆ ಅರ್ಧ ಕಷ್ಟ ಕಡಿಮೆ. ಮೋಕಾ ರಸ್ತೆ ಹಿಡಿದು ಊರ ಅಂಚು ದಾಟುತ್ತಿದ್ದಂತೆ ಸಂಗನಕಲ್ಲಿನ ಗುಡ್ಡಗಳು ಎದುರಾಗುತ್ತವೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ನವಶಿಲಾಯುಗದ ಜನ ದನ ಸಾಕಿಕೊಂಡು ಬಾಳಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಗಳನ್ನು ಹೊರಜಗತ್ತಿಗೆ ತಿಳಿಸಿದ. ಗುಡ್ಡದ ಬೂದು ಬಣ್ಣದ ಗ್ರಾನೈಟ್ ನಡುವೆ ಕರಿಯ ಡಾಲರೈಟ್ ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಕೊಡಲಿ ತಯಾರಿಸಲು ಆ ಜನ ಆರಿಸಿಕೊಂಡದ್ದು ಈ ಕರಿಕಲ್ಲನ್ನೇ. ಅದೇ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕೆತ್ತಿದ್ದಾರೆ.

ಇಲ್ಲಿನ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯ ನಾದ ಹೊರಡುತ್ತದೆ. ಬಂಡೆ ಒಂದೆರಡು ಬಿಂದುಗಳ ಮೇಲೆ ಮಾತ್ರ ಕುಳಿತಿದ್ದರೆ ಅದು ಸ್ವತಂತ್ರವಾಗಿ ಕಂಪಿಸುತ್ತದೆ. ನೆಲಕ್ಕೆ ಪೂರಾ ಅಂಟಿಕೊಂಡಿದ್ದರೆ ಕಂಪನವೆಲ್ಲ ನೆಲಕ್ಕಿಳಿದು ಬರೀ ಸಪ್ಪಳವಾಗುತ್ತದೆ. ಹಳೆಯ ಜನ ತಟ್ಟಿ ತಟ್ಟಿ ಕಲ್ಲಿನಲ್ಲಿ ಗುಳಿ ಬಿದ್ದಿರುವ ಜಾಗಗಳೂ ಇವೆ. ಮಕ್ಕಳು ಇಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದರೆ ಸಾಕು. ಕಲ್ಲಿನಿಂದ ಕುಟ್ಟುವುದು, ಹೆಸರು ಕೆತ್ತುವುದು ಬೇಡ. ಕಲ್ಲುಗಣಿಗಳಿಂದ ಈ ಗುಡ್ಡಗಳಿಗೆ ಆಗಿರುವ ಗಾಯ ಈಗಾಗಲೇ ಸಾಕಷ್ಟಿದೆ.

ನಗರದಿಂದ ಸುಮಾರು 20 ಕಿ.ಮೀ. ದೂರದ ಮೋಕಾ ತಲುಪುವ ಹೊತ್ತಿಗೆ ಮಣ್ಣಿನ ಬಣ್ಣ ಬದಲಾಗಿರುತ್ತದೆ. ಕೆಂಪು ಮಸಾರಿ ಮುಗಿದು ಎರೆಭೂಮಿ ಹರಡಿಕೊಳ್ಳುತ್ತದೆ. ಇಲ್ಲಿಗೆ ಹತ್ತಿರದ ಬೈರದೇವನಹಳ್ಳಿಯ ಬಳಿ ಕೆಳಮಟ್ಟದ ಕಾಲುವೆ ವೇದಾವತಿಯನ್ನು ದಾಟುವ ಮೇಲ್ಗಾಲುವೆಯಿದೆ. ಕೆಳಗೆ ಒಂದು ನದಿ, ಅದರ ಮೇಲೆ ಕಂಬಗಳ ಮೇಲಿನ ತೊಟ್ಟಿಯಲ್ಲಿ ಅಡ್ಡಲಾಗಿ ಹರಿಯುವ ಇನ್ನೊಂದು ನದಿ! ಕೆಳಗಿನದು ಚಿತ್ರದುರ್ಗದ ಕಡೆಯಿಂದ ಬಂದದ್ದು, ಮೇಲಿನದು ಪಶ್ಚಿಮ ಘಟ್ಟದ ನೀರು. ಎರಡೂ ಇಲ್ಲಿ ಒಂದರ ಮೇಲೊಂದು ಹಾದುಹೋಗುತ್ತವೆ, ಮುಟ್ಟುವುದಿಲ್ಲ. ಆದರೆ ಕೆಳಗಿನವಳಾದ ವೇದಾವತಿ ಮುಂದೆ ತುಂಗಭದ್ರೆಯನ್ನೇ ಸೇರುತ್ತಾಳೆ.

ವೇದಾವತಿಯನ್ನು ಈ ಸೀಮೆಯವರು ಹಗರಿ ಎನ್ನುತ್ತಾರೆ. ವರ್ಷದ ಬಹುಕಾಲ ಅದು ಮರಳಿನ ಹೊಳೆ, ನೀರಿಗಿಂತ ಜಾಲಿಯೇ ಹೆಚ್ಚು. ಆದರೆ ಉಕ್ಕಿ ಬಂದಾಗ ಅದರ ಬಲ ಎಂಥದೆಂಬುದು 2022ರ ಕೊನೆಯಲ್ಲಿ ಗೊತ್ತಾಯಿತು. ಪ್ರವಾಹದ ನಂತರ ಮೇಲ್ಗಾಲುವೆಯ ಕಂಬವೊಂದು ಕುಸಿದು, ಕಾಲುವೆಯ ನೀರನ್ನೇ ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಬೆಳೆದು ನಿಂತಿದ್ದ ಪೈರಿನ ರೈತರು ದಿನ ಎಣಿಸುತ್ತ ಕಾದರು. ಪುಸ್ತಕದಲ್ಲಿ ಸವೆತ ಎಂದು ಎರಡು ಸಾಲಿನಲ್ಲಿ ಓದಿದ್ದನ್ನು ಇಲ್ಲಿ ಕಣ್ಣಿಂದ ನೋಡಬಹುದು. ಮರಳು ಕೊಚ್ಚಿಹೋದರೆ ಎಷ್ಟೇ ಗಟ್ಟಿಯಾದ ಕಂಬಕ್ಕೂ ಕಾಲಿಲ್ಲ. ಮೇಲ್ಗಾಲುವೆಯ ಬಳಿ ಸೈಕಲ್ ಇಳಿದು ದೂರದಿಂದಲೇ ನೋಡಬೇಕು. ಅದರ ಅಂಚಿನ ಮೇಲೆ ನಡೆಯುವ ಸಾಹಸ ಯಾರಿಗೂ ಬೇಡ.

ನೀರಿನ ಭಯ

ಏರಿಯ ಮೇಲೆ ಲಾರಿಯ ಭಯವಿಲ್ಲ, ನಿಜ. ಅಲ್ಲಿರುವುದು ನೀರಿನ ಭಯ. ಇದನ್ನು ಮುಚ್ಚಿಟ್ಟು ದಾರಿಯ ಚೆಲುವನ್ನು ಮಾತ್ರ ಹೊಗಳುವುದು ಪಾಲಕರಿಗೆ ಮಾಡುವ ಮೋಸ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಗೆ ಸಮೀಪದ ಕೊಳಗಲ್ಲು ಬಳಿ ಕೂಲಿ ಮಹಿಳೆಯರನ್ನು ಹೊತ್ತಿದ್ದ ಆಟೊ ಮೇಲ್ಮಟ್ಟದ ಕಾಲುವೆಗೆ ಉರುಳಿ ಹಲವರು ಪ್ರಾಣ ಕಳೆದುಕೊಂಡರು. ಕಾಲುವೆಯಲ್ಲಿ ಬಟ್ಟೆ ಒಗೆಯಲು, ಈಜಲು ಹೋಗಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ.

ಕೆರೆಯಲ್ಲಿ ಈಜಿದವನಿಗೆ ಕಾಲುವೆ ಅರ್ಥವಾಗುವುದಿಲ್ಲ. ಕೆರೆಯ ದಡ ನಿಧಾನವಾಗಿ ಆಳವಾಗುತ್ತದೆ, ಕಾಲುವೆಯ ದಡ ಒಮ್ಮೆಗೇ ಇಳಿಯುತ್ತದೆ. ಕಲ್ಲು ಅಥವಾ ಸಿಮೆಂಟು ಹೊದಿಸಿದ ಇಳಿಜಾರಿನ ಮೇಲೆ ಪಾಚಿ ಕಟ್ಟಿ ಸಾಬೂನಿನಂತೆ ಜಾರುತ್ತದೆ. ಹಿಡಿಯಲು ಬೇರಿಲ್ಲ, ಗಿಡವಿಲ್ಲ. ಮೇಲೆ ನೋಡಲು ನೀರು ಶಾಂತವಾಗಿದ್ದರೂ ಒಳಗೆ ಸೆಳೆತವಿರುತ್ತದೆ, ತೂಬುಗಳ ಬಳಿಯಂತೂ ಅದು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಏರಿಯ ಮೇಲೆ ಹೋಗುವಾಗ ಮಕ್ಕಳು ಯಾವಾಗಲೂ ಗದ್ದೆಯ ಬದಿಯಲ್ಲಿ ಇರಬೇಕು, ಹಿರಿಯರು ನೀರಿನ ಬದಿಯಲ್ಲಿ. ಇಬ್ಬರು ಜೋಡಿಯಾಗಿ ಮಾತಾಡಿಕೊಂಡು ಹೋಗುವುದಕ್ಕಿಂತ ಸಾಲಾಗಿ ಹೋಗುವುದು ಮೇಲು. ಏರಿ ಕೊರೆದು ಕಿರಿದಾದ ಕಡೆ ಇಳಿದು ತಳ್ಳಬೇಕು. ಮುಖ ತೊಳೆಯುವುದಕ್ಕೂ ನೀರಿಗೆ ಇಳಿಯಬಾರದು. ಸೈಕಲ್ಲು ಬಿದ್ದರೆ ಬೀಳಲಿ, ಅದರ ಹಿಂದೆ ಯಾರೂ ಇಳಿಯಬಾರದು. ಈ ದಾರಿಗಳು ಮೂಲತಃ ಕಾಲುವೆಯ ತಪಾಸಣೆಗೆಂದು ಬಿಟ್ಟವು. ಆದ್ದರಿಂದ ಎದುರಾಗುವ ಗ್ಯಾಂಗ್‌ಮನ್‌ನನ್ನು ಮುಂದಿನ ದಾರಿ ಹೇಗಿದೆ ಎಂದು ಕೇಳಿಯೇ ಹೋಗುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು. ಎಲ್ಲಿ ಕೊರೆದಿದೆ, ಎಲ್ಲಿ ಮುಳ್ಳು ಬೆಳೆದಿದೆ ಎಂಬುದು ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಮುಳ್ಳಿನ ಮಾತು ಬಂತು. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ಕನ್ನಡಿಗರು ಇಟ್ಟ ಹೆಸರು ಬಳ್ಳಾರಿ ಜಾಲಿ! ಪಾಪ, ಊರಿಗೆ ಇಂಥ ಕೀರ್ತಿ. ನೀರಿಲ್ಲದ ಕಡೆಯೂ ಹಸಿರಾಗಿರುವ ಈ ಗಿಡದ ಕಾಯಿಯನ್ನು ಮೇಕೆಗಳು ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ. ಅದರ ಮುಳ್ಳು ಟೈರು, ಟ್ಯೂಬು ಎರಡನ್ನೂ ಸಲೀಸಾಗಿ ತೂರುತ್ತದೆ. ಪಂಕ್ಚರ್ ಪೆಟ್ಟಿಗೆ, ಕೈಪಂಪು ಇಲ್ಲದೆ ಏರಿಯ ಮೇಲೆ ಹೊರಟವನು ಸಂಜೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬರುತ್ತಾನೆ. ಫ್ರಾನ್ಸಿನ ಮಿದಿ ಕಾಲುವೆಯ ಎರಡೂ ದಡಗಳಲ್ಲಿ ನೆರಳಿಗೆಂದು ಪ್ಲೇನ್ ಮರಗಳನ್ನು ಸಾಲಾಗಿ ನೆಟ್ಟಿದ್ದರು. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ತಗುಲಿ ಸಾವಿರಾರು ಮರಗಳನ್ನು ಕಡಿಯಬೇಕಾಯಿತು, ಬದಲಿಗೆ ಬೇರೆ ಬೇರೆ ಜಾತಿಯ ಸಸಿಗಳನ್ನು ಅಲ್ಲಿ ನೆಡುತ್ತಿದ್ದಾರೆ. ಇಲ್ಲಿ ಜಾಲಿಯನ್ನು ಕಿತ್ತು, ಗದ್ದೆಯ ಬದಿಯಲ್ಲಿ ಬೇವು, ಹೊಂಗೆ ನೆಟ್ಟರೆ ಹತ್ತು ವರ್ಷದಲ್ಲಿ ಮಕ್ಕಳಿಗೆ ನೆರಳಾದೀತು. ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ, ಒಂದು ಶಾಲೆಯ ಮಕ್ಕಳು ಒಂದು ಕಿಲೊಮೀಟರು ನೋಡಿಕೊಂಡರೂ ಸಾಕು.

ಎರೆಮಣ್ಣಿನದು ಇನ್ನೊಂದು ಬಗೆಯ ತಮಾಷೆ. ಒಣಗಿದಾಗ ಸಿಮೆಂಟಿನಂತೆ ಗಟ್ಟಿ, ಮಳೆ ಬಿದ್ದರೆ ಅಂಟು. ಅದರಲ್ಲಿರುವ ಜೇಡಿಯ ಪದರಗಳ ನಡುವೆ ನೀರು ಸೇರಿಕೊಂಡು ಮಣ್ಣು ಉಬ್ಬುತ್ತದೆ. ಗಾಲಿ ನಾಲ್ಕು ಸುತ್ತು ಹಾಕುವುದರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಸೈಕಲ್ಲು ಅಲ್ಲೇ ನಿಲ್ಲುತ್ತದೆ. ಮಳೆಯಾದ ಮರುದಿನ ಎರೆಯ ದಾರಿ ಹಿಡಿಯದಿರುವುದೇ ಲೇಸು. ಎರಡು ದಿನ ಬಿಸಿಲು ಕಾದರೆ ಅದೇ ದಾರಿ ನುಣುಪಾಗಿರುತ್ತದೆ.

ದೊಡ್ಡ ಬಸವನ ಊರು

ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 28 ಕಿ.ಮೀ. ಬೇಸಿಗೆ ಕಳೆದು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಆಗ ಈ ಕಡೆಗೆ ಬರುವ ಸವಾರನಿಗೆ ಎದುರುಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಆದ್ದರಿಂದ ಹಟ ಹಿಡಿದು ತುಳಿಯುವುದಕ್ಕಿಂತ ನಿಧಾನವಾಗಿ ಹೋಗುವುದೇ ಜಾಣತನ. ಕುರುಗೋಡಿನಿಂದ ಮೋಕಾದ ಕಡೆಗೆ ಬರುವಾಗ ಅದೇ ಗಾಳಿ ಬೆನ್ನು ತಟ್ಟುತ್ತದೆ. ಚಳಿಗಾಲದಲ್ಲಿ ಪೂರ್ವದ ಗಾಳಿ, ಆಗ ದಿಕ್ಕು ಬದಲಿಸಿಕೊಂಡರೆ ಆಯಿತು.

ಕುರುಗೋಡು ಬಲ್ಲಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿಯಾಗಿತ್ತು. ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಹನ್ನೆರಡನೆಯ ಶತಮಾನದಲ್ಲಿ ಅವರು ಮೆರೆದರು. ಈಗ ಅದು ತಾಲ್ಲೂಕು ಕೇಂದ್ರ. ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಬೆಟ್ಟದ ಬುಡದಲ್ಲಿ ಊರು. ಬೆಟ್ಟದಲ್ಲಿ ಕೋಟೆಯ ಗೋಡೆಗಳು, ಕೆಳಗೆ ಹಳೆಯ ಕಲ್ಲುಗುಡಿಗಳು. ದೊಡ್ಡಬಸವೇಶ್ವರ ದೇವಾಲಯದಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವಣ್ಣ. ಅವನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಹಿಂದೆ ಬಂಡಿಗಳು ಬರುತ್ತಿದ್ದವು. ಆ ಬಂಡಿ ದಾರಿಗಳು ಹೊಲಗಳ ನಡುವೆ ಈಗಲೂ ಉಳಿದಿವೆ. ಡಾಂಬರು ಕಾಣದ ಆ ದಾರಿಗಳೇ ಸೈಕಲ್ಲಿಗೆ ಒಳ್ಳೆಯವು.

ಜನವರಿ, ಫೆಬ್ರುವರಿಯಲ್ಲಿ ಬಂದವರಿಗೆ ಈ ಸೀಮೆಯ ಹೊಲಗಳ ಕಣಗಳಲ್ಲಿ ಒಣಗಲು ಹರವಿದ ಮೆಣಸಿನಕಾಯಿ ಕೆಂಪು ಜಮಖಾನೆಯಂತೆ ಕಾಣುತ್ತದೆ. ಗಾಳಿ ಈ ಕಡೆ ತಿರುಗಿದರೆ ಸೀನು ತಡೆಯುವುದಿಲ್ಲ. ಅಲ್ಲಲ್ಲಿ ಅಂಜೂರದ ತೋಟಗಳೂ ಸಿಗುತ್ತವೆ. ಊರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮಿರ್ಚಿ. ಬೆಳಗಿನ ಎರಡೂವರೆ ಗಂಟೆಯ ತುಳಿತಕ್ಕೆ ಇದಕ್ಕಿಂತ ತಕ್ಕ ಕೂಲಿ ಬೇರೊಂದಿಲ್ಲ.

ಸಿರುಗುಪ್ಪದ ಕಡೆಗೆ

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೆದ್ದಾರಿ ಹಿಡಿಯದೆಯೂ ಹೋಗಬಹುದು. ಎಮ್ಮಿಗನೂರಿನ ಕಡೆಗೆ ತಿರುಗಿ, ಅಲ್ಲಿಂದ ನದಿಯ ದಿಕ್ಕಿನ ಮಣ್ಣೂರು, ಸೂಗೂರು, ನಡವಿಗಳ ದಾರಿ ಹಿಡಿದರೆ ದೂರ ಹೆಚ್ಚಾಗುತ್ತದೆ, ಗದ್ದಲ ಕಡಿಮೆಯಾಗುತ್ತದೆ. ಒಂದೇ ದಿನದಲ್ಲಿ ಮುಗಿಸುವ ಆತುರ ಮಕ್ಕಳ ಜೊತೆ ಹೋಗುವವರಿಗೆ ಬೇಡ. ಇಲ್ಲಿ ದಾರಿಯುದ್ದಕ್ಕೂ ಭತ್ತ. ಮುಖ್ಯ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಕೊನೆಗೆ ಗದ್ದೆಯ ಬದುವಿನ ಗುದ್ದಲಿ ಅಗಲದ ಬಾಯಿ. ಮರದ ಕೊಂಬೆ ಕಿರಿದಾಗುತ್ತ ಹೋಗಿ ಎಲೆಯ ನರವಾಗುವ ಹಾಗೆ. ಬೆಳ್ಳಕ್ಕಿಗಳು ಟ್ರಾಕ್ಟರಿನ ಹಿಂದೆ ಸಾಲುಗಟ್ಟಿ ನಡೆಯುತ್ತವೆ, ತಂತಿಯ ಮೇಲೆ ಮಿಂಚುಳ್ಳಿ ಕಾದು ಕುಳಿತಿರುತ್ತದೆ.

ನಡುನಡುವೆ 'ಕ್ಯಾಂಪ್' ಎಂದು ಕೊನೆಗೊಳ್ಳುವ ಹೆಸರಿನ ಊರುಗಳು ಸಿಗುತ್ತವೆ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತ ಬೆಳೆಯುವುದರಲ್ಲಿ ಪಳಗಿದ ರೈತರು ಬಂದು ನೆಲೆಸಿದ ಊರುಗಳವು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಯಲ್ಲಿ ಸೋನಾ ಮಸೂರಿ ಬೆಳೆದದ್ದು ಹೀಗೆ. ಚಹಾದಂಗಡಿಯಲ್ಲಿ ಕನ್ನಡ ಕೇಳಿದರೆ ತೆಲುಗಿನ ಉತ್ತರ, ತೆಲುಗು ಕೇಳಿದರೆ ಕನ್ನಡದ ಉತ್ತರ ಬರುವುದುಂಟು. ಕಾಲುವೆಯ ಕೊನೆಯಲ್ಲಿರುವ ರೈತರ ಮುಖದಲ್ಲಿ ಮಾತ್ರ ಬೇರೆಯೇ ಭಾವ. ಮೇಲಿನವರು ಹೆಚ್ಚು ನೀರು ಹಾಯಿಸಿಕೊಂಡಾಗ ಇವರ ಗದ್ದೆಗೆ ಬರುವುದು ತೇವ ಮಾತ್ರ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಕೊನೆಯ ಹೊಲಗಳವರೆಗೂ ನಿದ್ದೆ ಇರಲಿಲ್ಲ. ಏರಿಯ ಮೇಲೆ ಹೋಗುವ ಹುಡುಗನಿಗೆ ನೂರು ಕಿಲೊಮೀಟರು ದೂರದ ಒಂದು ಕಬ್ಬಿಣದ ಸರಪಳಿಗೂ ಇಲ್ಲಿನ ಅನ್ನದ ತಟ್ಟೆಗೂ ಇರುವ ಸಂಬಂಧ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಸಿರುಗುಪ್ಪ ಸೀಮೆಗೆ ಕಾಲುವೆ ಹೊಸದಲ್ಲ. ವಿಜಯನಗರದ ಅರಸರ ಕಾಲದಲ್ಲೇ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಐದು ನೂರು ವರ್ಷಗಳ ಕೆಳಗೆ ಮಟ್ಟ ನೋಡಿದವರ ಹೆಸರು ಯಾರಿಗೂ ಗೊತ್ತಿಲ್ಲ, ಅವರ ನೀರು ಇನ್ನೂ ಹರಿಯುತ್ತಿದೆ. ಈ ಹಳೆಯ ಕಾಲುವೆಗಳು ಕಿರಿದು, ದಡದಲ್ಲಿ ಮರಗಳಿವೆ, ಬಿಸಿಲು ಅಷ್ಟಾಗಿ ಬೀಳುವುದಿಲ್ಲ. ಸೈಕಲ್ಲಿಗೆ ಹೊಸ ಕಾಲುವೆಗಿಂತ ಇವೇ ಹಿತ. ಹೆದ್ದಾರಿಯ ಬದಿಯ ತೆಕ್ಕಲಕೋಟೆಯಲ್ಲೂ ನವಶಿಲಾಯುಗದ ನೆಲೆಯಿದೆ. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು. ಅದನ್ನು ನೋಡಬೇಕೆನ್ನುವವರು ಆ ಒಂದು ತುಣುಕು ಹೆದ್ದಾರಿಯನ್ನು ಬಸ್ಸಿನಲ್ಲಿ ದಾಟುವುದು ಒಳಿತು.

ಹೊರಡುವವರಿಗೆ ಇನ್ನೆರಡು ಮಾತು. ಬಳ್ಳಾರಿಗೆ ಬೆಂಗಳೂರು, ಹುಬ್ಬಳ್ಳಿ, ಗುಂತಕಲ್ಲುಗಳಿಂದ ರೈಲಿದೆ, ಸಿರುಗುಪ್ಪಕ್ಕೆ ಬಸ್ಸು ಮಾತ್ರ. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮಾರ್ಚ್ ಕಳೆದ ಮೇಲೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಬೆಳಿಗ್ಗೆ ಒಂಬತ್ತರೊಳಗೆ ನೆರಳು ಸೇರದಿದ್ದರೆ ಕಷ್ಟ. ಒಬ್ಬೊಬ್ಬರಿಗೂ ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ಕುಡಿಯುವ ನೀರು, ತಲೆಗೆ ಬಟ್ಟೆ, ಬ್ರೇಕು ಸರಿಯಿರುವ ಸೈಕಲ್ಲು ಬೇಕು. ಮೊದಲ ಸಲ ಹೋಗುವ ಮಕ್ಕಳಿಗೆ ಹದಿನೈದು ಕಿಲೊಮೀಟರು ಸಾಕು, ಮಿಕ್ಕದ್ದು ಮುಂದಿನ ರಜೆಗಿರಲಿ.

ದಾರಿ ಮುಗಿಯುವುದು ಸಿರುಗುಪ್ಪಕ್ಕೆ ಸಮೀಪದ ಕೆಂಚನಗುಡ್ಡದಲ್ಲಿ. ತುಂಗಭದ್ರೆಯ ದಂಡೆಯ ಮೇಲೆ ಪಾಳು ಬಿದ್ದ ಅರಮನೆ, ನದಿಯೊಳಗೆ ಹರಡಿದ ಬಂಡೆಗಳು, ಅವುಗಳ ನಡುವೆ ಸೀಳಿಕೊಂಡು ಹರಿಯುವ ನೀರು. ಶಾಲೆ ಬಿಟ್ಟ ಮಕ್ಕಳು ಆ ಹೊತ್ತಿಗೆ ಕಾಲುವೆಯ ಏರಿಯಿಂದ ಇಳಿದು ಬರುತ್ತಾರೆ. ಮುಂದಿನ ಸೈಕಲ್ಲಿನ ಹುಡುಗಿ ಕಿರಿದಾದ ಕಡೆ ಇಳಿದು ತಳ್ಳುತ್ತಾಳೆ, ಹಿಂದಿನವರೂ ಇಳಿಯುತ್ತಾರೆ. ಇಕ್ಕಟ್ಟು ದಾಟಿದೊಡನೆ ಮತ್ತೆ ಹತ್ತಿ, ಚೀಲಗಳನ್ನು ಬೆನ್ನಿಗೆ ಸರಿಮಾಡಿಕೊಂಡು, ಗಂಟೆ ಬಾರಿಸುತ್ತ ಊರ ಕಡೆಗೆ ಹೊರಡುತ್ತಾರೆ.